ಅಣ್ಣನ ಕಾರು ರಿಪೇರಿಯಾದ ಮೇಲೆ

ಟಕ್. ಸ್ವಲ್ಪ ಬಿಡುವು. ಮತ್ತೆ ಟಕ್. ಒಣಗಿದ ಕೊಬ್ಬರಿ ಗಿಟುಕನ್ನು ಯಾರೋ ಬೆರಳ ಗೆಣ್ಣಿನಿಂದ ತಟ್ಟಿ ನೋಡಿದ ಹಾಗೆ. ಗಂಜಾಮಿನ ನಮ್ಮ ಬೀದಿಯ ತಿರುವಿನಲ್ಲಿ ಆ ಸದ್ದು ಕೇಳಿತೆಂದರೆ ನಾನು ಕಾಫಿಗೆ ಹಾಲಿಡುತ್ತಿದ್ದೆ. ಹಾಲು ಉಕ್ಕಿ ಬರುವ ಹೊತ್ತಿಗೆ ಗೇಟಿನ ಮುಂದೆ ಎಂಜಿನ್ ಒಮ್ಮೆ ಗುಡುಗಿ ಸುಮ್ಮನಾಗುವುದು, ಬಾಗಿಲು ಬಡಿದುಕೊಳ್ಳುವುದು, ಆಮೇಲೆ ಅಣ್ಣನ ಕೆಮ್ಮು. ಪ್ರತಿ ಭಾನುವಾರ ಇದೇ ಆರ್ಡರ್. ಒಂದು ದಿನವೂ ಹಿಂದುಮುಂದಾಗಲಿಲ್ಲ.

ಆ ಸದ್ದು ಅಣ್ಣನ ಕಾರಿನ ಸ್ಟೇರಿಂಗಿನದು. ನಾಗಮಂಗಲದ ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡಿಕೊಂಡಿದ್ದವನು ರಿಟೈರ್ ಆಗುವ ವರ್ಷ ಅದನ್ನು ಕೊಂಡಿದ್ದ. ಪುಟ್ಟ ಮೈ, ಅದಕ್ಕೆ ಹೊಂದದಷ್ಟು ದೊಡ್ಡ ಎಂಜಿನ್. ಇಂಥ ಗಾಡಿಗೆ ಹಾಟ್ ಹ್ಯಾಚ್ ಅನ್ನುತ್ತಾರೆ ಎಂದು ಅವನ ಹಳೆಯ ಸ್ಟೂಡೆಂಟ್ ಒಬ್ಬ ಹೇಳಿಕೊಟ್ಟಿದ್ದ. ಇಪ್ಪತ್ತೈದರ ಹುಡುಗರು ಓಡಿಸುವಂಥದ್ದು. ಅತ್ತಿಗೆ ಬದುಕಿದ್ದಾಗ ನೆಂಟರೆದುರು, ವಯಸ್ಸಿಗೆ ಬಂದ ಮಗ ಇಲ್ಲ ಅಂತ ಇವರೇ ವಯಸ್ಸಿಗೆ ಬಂದ್ಬುಟ್ಟವ್ರೆ, ಎಂದು ಹಂಗಿಸುತ್ತಿದ್ದಳು. ಅವಳು ಹೋದ ಮೇಲೆ ಕಾರಿನ ಕೆಂಪು ಮಾಸಿತು. ಅಣ್ಣನೂ ಮಾಸಿದ. ಸಂತೆಬಾಚಹಳ್ಳಿಯಲ್ಲಿ ಗೊಬ್ಬರದಂಗಡಿಯ ಮೇಲಿನ ಮನೆಯೊಂದನ್ನು ಬಾಡಿಗೆಗೆ ಹಿಡಿದು, ವಾರಕ್ಕೊಮ್ಮೆ ಪಾಂಡವಪುರ ದಾಟಿ ಶ್ರೀರಂಗಪಟ್ಟಣಕ್ಕೆ ನನ್ನನ್ನು ನೋಡಲು ಬರುತ್ತಿದ್ದ. ಕಾರು ಇದ್ದದ್ದರಿಂದ ಬರುತ್ತಿದ್ದ. ಬಸ್ಸು ಎಂದರೆ ಅವನಿಗೆ ಆಗುತ್ತಿರಲಿಲ್ಲ.

ಹೋದ ವರ್ಷ, ಕಬ್ಬು ಕಡಿಯುವ ಕಾಲದಲ್ಲಿ, ಅವನು ಬರುವುದು ತಡವಾಯಿತು. ಬಂದವನು ಕಾಫಿ ಕುಡಿಯುತ್ತಾ, ನಗುನಗುತ್ತಲೇ, ನಾಲೆ ಪಕ್ಕದ ತಿರುವಿನಲ್ಲಿ ಕಾರಿನ ಮುಂದಿನ ಎಡಚಕ್ರ ಏರಿಯ ಅಂಚಿನ ಕಲ್ಲಿಗೆ ತಗುಲಿ ನಿಂತಿತು ಅಂದ. ಕಬ್ಬು ಕಡಿಯುವವರು ನಾಲ್ಕು ಜನ ಬಂದು ಹಿಂದಕ್ಕೆ ತಳ್ಳಿದರಂತೆ. ಕಲ್ಲಿನಾಚೆ ತುಂಬಿದ ನಾಲೆ. ನಾನು ಕೈಯಲ್ಲಿದ್ದ ಲೋಟವನ್ನು ಕೆಳಗಿಟ್ಟೆ.

"ಏನೂ ಆಗ್ನಿಲ್ಲ ಕಣಮ್ಮಿ," ಅಂದ. "ಸ್ಟೇರಿಂಗ್ ಒಸಿ ಆಡ್ತದೆ. ಬ್ರೇಕೂ ಮೆತ್ತಗಾಗದೆ. ಗಾಡಿ ತಪ್ಪು."

ಬೆಳ್ಳೂರಿನಲ್ಲಿ ಮೆಡಿಕಲ್ ಶಾಪ್ ಇಟ್ಟಿರುವ ಅವನ ಮಗಳಿಗೆ ಸುದ್ದಿ ನನಗಿಂತ ಮೊದಲೇ ತಲುಪಿತ್ತು. ಮರುದಿನ ಬೆಳಿಗ್ಗೆಯೇ ಫೋನು. ಅಪ್ಪನಿಗೆ ಈಚೆಗೆ ಗಮನ ಇರುವುದಿಲ್ಲ, ಅನ್ನ ಕಲಸಿಕೊಂಡು ಎತ್ತಲೋ ನೋಡುತ್ತಾ ಕೂತಿರುತ್ತಾರೆ, ನಾನು ಕೇಳಿದರೆ ಕೊಡುವುದಿಲ್ಲ, ನೀವು ಕೀ ಇಸ್ಕೊಂಬುಡಿ ಅತ್ತೆ, ಎಂದು ಅತ್ತಳು. ನನಗೆ ಮನಸ್ಸಾಗಲಿಲ್ಲ. ಕೀ ಇಸ್ಕೊಂಡರೆ ಭಾನುವಾರವೇ ಹೋದ ಹಾಗೆ. ಅಷ್ಟೇ ಅಲ್ಲ, ಅವನು ಎಲ್ಲಿಗೂ ಹೋಗಲಾರದವನಾಗುತ್ತಾನೆ. ಕೊನೆಗೆ ಮೂವರೂ ಒಂದು ಮಾತಿಗೆ ಬಂದೆವು. ಕಾರನ್ನು ಮೆಕ್ಯಾನಿಕ್‌ಗೆ ತೋರಿಸುವುದು. ದೋಷ ಕಾರಿನದಾದರೆ ರಿಪೇರಿ ಮಾಡಿಸಿ ಅವನೇ ಓಡಿಸಲಿ. ಕಾರು ಸರಿಯಿದೆ ಅಂದರೆ, ತಪ್ಪು ಅವನದು, ಕೀ ಕೊಟ್ಟುಬಿಡಬೇಕು. ಅಣ್ಣ ನನ್ನ ಅಂಗೈ ಮೇಲೆ ಅಂಗೈ ಇಟ್ಟು ಪ್ರಾಮಿಸ್ ಮಾಡಿದ.

ದೋಷ ಕಾರಿನದೇ ಆಗಿರಲಿ ಎಂದು ನಾನು ಆ ವಾರವೆಲ್ಲ ದೇವರನ್ನು ಕೇಳಿಕೊಂಡೆ. ನಿಮಿಷಾಂಬೆಗೂ ಹೇಳಿಕೊಂಡೆ, ಹಳೆಯ ಹ್ಯಾಬಿಟ್, ಕಾನ್ವೆಂಟಿನಲ್ಲಿ ಕಲಿತ ಪ್ರೇಯರನ್ನೂ ಹೇಳಿದೆ.

ಪಾಂಡವಪುರದ ಮೆಕ್ಯಾನಿಕ್ ಆಚಾರಿಗಳ ಮನೆಯವನು. ಅವನ ತಾತ ನೇಗಿಲ ಗುಳ ತಟ್ಟುತ್ತಿದ್ದ ಕುಲುಮೆಯ ಜಾಗದಲ್ಲೇ ಇವನ ಶೆಡ್ಡು. ಮಾತು ಜಾಸ್ತಿ, ತನ್ನ ಕೆಲಸದ ಬಗ್ಗೆ ಜಂಬ ಅದಕ್ಕಿಂತ ಜಾಸ್ತಿ. ಅಣ್ಣನ ಹಳೆಯ ಶಿಷ್ಯ ಬೇರೆ. ಫಿಸಿಕ್ಸಿನಲ್ಲಿ ಫೇಲು ಮಾಡಿದ್ದಕ್ಕೆ ಇವತ್ತು ಸೇಡು ತೀರಿಸ್ಕತೀನಿ ಮೇಷ್ಟ್ರೇ, ಎನ್ನುತ್ತಲೇ ಕಾರಿನ ಕೆಳಗೆ ನುಸುಳಿದ. ಅಣ್ಣನನ್ನು ಸೀಟಿನಲ್ಲಿ ಕೂರಿಸಿ ಸ್ಟೇರಿಂಗನ್ನು ಆ ಕಡೆ ಈ ಕಡೆ ಮೆಲ್ಲಗೆ ಅಲ್ಲಾಡಿಸಲು ಹೇಳಿದ. ಸ್ಟೇರಿಂಗ್ ಅಂಗೈ ಅಗಲದಷ್ಟು ತಿರುಗುತ್ತಿತ್ತು. ಚಕ್ರ ಮಾತ್ರ ನಿಂತಲ್ಲೇ ನಿಂತಿತ್ತು. ಆ ಸಡಿಲಕ್ಕೆ ಪ್ಲೇ ಅನ್ನುತ್ತಾರಂತೆ.

"ಮೇಡಮ್ಮೋರೆ, ಇಲ್ಲಿ ಒಸಿ ಕೈ ಮಡಗಿ," ಎಂದು ಕೆಳಗಿನಿಂದ ಕರೆದ.

ನಾನು ಸೀರೆ ಮುದುಡಿಕೊಂಡು ಕೂತು ಚಕ್ರದ ಹಿಂದೆ ಕೈ ಹಾಕಿದೆ. ಚಕ್ರವನ್ನು ತಿರುಗಿಸುವ ಸರಳಿನ ತುದಿಯಲ್ಲಿ ಒಂದು ಗುಂಡನೆಯ ಕೀಲು, ಮೇಲೆ ಹರಿದ ರಬ್ಬರು. ಅಣ್ಣ ಸ್ಟೇರಿಂಗ್ ಆಡಿಸಿದಾಗ ಕೀಲು ನನ್ನ ಬೆರಳಿಗೆ ತಾಗಿತು. ಟಕ್. ಇಷ್ಟು ವರ್ಷ ಹಾಲಿಡಲು ಎಬ್ಬಿಸುತ್ತಿದ್ದ ಸದ್ದು ಈಗ ಬೆರಳಿನ ತುದಿಯಲ್ಲಿತ್ತು. ಒಳಗೆ ಕೂಡಿಹಾಕಿದ ಯಾರೋ ಬಾಗಿಲು ತಟ್ಟಿದ ಹಾಗೆ. ನಾನು ಕೈ ಹಿಂದಕ್ಕೆಳೆದುಕೊಂಡೆ.

ಎರಡೂ ಕಡೆಯ ಕೀಲು ಸವೆದುಹೋಗಿವೆ, ಬ್ರೇಕಿನ ಮುಂದಿನ ರಬ್ಬರು ಪೈಪುಗಳು ಉಬ್ಬಿವೆ, ಆಯಿಲು ಡಿಕಾಕ್ಷನ್ ಬಣ್ಣಕ್ಕೆ ತಿರುಗಿದೆ, ಇದರಲ್ಲಿ ಇಷ್ಟು ದಿನ ಓಡಾಡಿದ್ದೇ ದೊಡ್ಡದು ಎಂದ ಮೆಕ್ಯಾನಿಕ್. ದೋಷ ಗಾಡಿಯದೇ ತಾನೆ ಎಂದು ಕೇಳಿದೆ. ಗಾಡೀದೇ, ಅದ್ರಾಗೇನು ಅನುಮಾನ, ಎಂದ. ಅಣ್ಣ ಹುಬ್ಬೇರಿಸಿ ನನ್ನ ಕಡೆ ನೋಡಿದ. ನಾನು ಅಲ್ಲಿಂದಲೇ ಬೆಳ್ಳೂರಿಗೆ ಫೋನ್ ಮಾಡಿ, ನಿಮ್ಮಪ್ಪ ಗೆದ್ದ ಎಂದೆ.  ಒಳ್ಳೇದಾಯ್ತಲ್ಲ ಅತ್ತೆ, ಎಂದಳು. ದನಿಯಲ್ಲಿ ಅನುಮಾನ ಹಾಗೇ ಇತ್ತು.

ಕೀಲು ಬದಲಾಯಿಸಿ, ಪೈಪು ಬದಲಾಯಿಸಿ, ಹೊಸ ಆಯಿಲು ತುಂಬಿದ್ದಾಯಿತು. ಪೈಪಿನೊಳಗೆ ಗಾಳಿ ಉಳಿದರೆ ಬ್ರೇಕು ಮತ್ತೆ ಮೆತ್ತಗೇ ಆಗುತ್ತದಂತೆ. ಒಬ್ಬರು ಒಳಗೆ ಕೂತು ಪೆಡಲು ಒತ್ತಿ ಹಿಡಿಯಬೇಕು. ಇನ್ನೊಬ್ಬರು ಚಕ್ರದ ಹತ್ತಿರ ಒಂದು ತಿರುಪು ಸಡಿಲಿಸಿ ಗಾಳಿಯನ್ನು ಹೊರಕ್ಕೆ ಬಿಡಬೇಕು. ಅಣ್ಣ ಬೀಡಾ ಹಾಕಿಕೊಳ್ಳಲು ಬಸ್ ಸ್ಟ್ಯಾಂಡಿನ ಕಡೆ ಹೋಗಿದ್ದ. ಹಾಗಾಗಿ ನಾನೇ ಕೂತೆ. ಡ್ರೈವರ್ ಸೀಟಿನಲ್ಲಿ ಕೂತದ್ದು ಜೀವನದಲ್ಲಿ ಅದೇ ಮೊದಲು. ಸೀಟು ಅಣ್ಣನ ಮೈಯ ಅಚ್ಚಿನಲ್ಲಿ ತಗ್ಗಾಗಿತ್ತು. ಚಪ್ಪಲಿ ಬಿಟ್ಟು ಪೆಡಲಿನ ಮೇಲೆ ಕಾಲಿಟ್ಟೆ. ರಬ್ಬರು ಒಂದೇ ಮೂಲೆಯಲ್ಲಿ ನುಣ್ಣಗೆ ಸವೆದಿತ್ತು.

"ಒತ್ತಿ... ಇಡ್ಕಳಿ... ಬುಡಿ," ಎನ್ನುತ್ತಿದ್ದ ಮೆಕ್ಯಾನಿಕ್. ಮೊದಮೊದಲು ಕಾಲು ಕೆಸರುಗದ್ದೆಗೆ ಇಳಿದ ಹಾಗೆ ಇಳಿಯುತ್ತಲೇ ಹೋಯಿತು. ತಳ ಸಿಗುತ್ತಿರಲಿಲ್ಲ. ಚಕ್ರದ ಕಡೆಯಿಂದ ಗುಳುಗುಳು ಎಂದು ಗಾಳಿ ಬರುವ ಸದ್ದು. ಯಾರೋ ಬಹಳ ಹೊತ್ತು ಉಸಿರು ಕಟ್ಟಿಕೊಂಡಿದ್ದು ಬಿಟ್ಟ ಹಾಗೆ. ಹೊತ್ತು ಕಳೆದಂತೆ ಪೆಡಲು ಗಟ್ಟಿಯಾಗುತ್ತಾ ಬಂತು. ಕಡೆಗೆ ಒತ್ತಿದರೆ ಕಲ್ಲು. ಸಾಕು ಎಂದ. ಆದರೂ ನನ್ನ ಕಾಲು ಮೇಲೇಳಲಿಲ್ಲ. ತಳವೇ ಇಲ್ಲದ ಈ ಪೆಡಲನ್ನು ಒತ್ತಿ ಒತ್ತಿ ಅಣ್ಣ ಯಾವುದನ್ನು ನಿಲ್ಲಿಸಲು ನೋಡುತ್ತಿದ್ದನೋ ಅನ್ನುವ ಯೋಚನೆ ಎಲ್ಲಿಂದಲೋ ಬಂತು. ಯಾಕೆ ಬಂತೋ ಗೊತ್ತಿಲ್ಲ. ಶೆಡ್ಡಿನಲ್ಲಿ ಬಿಸಿಲ ಧಗೆ ಇತ್ತು. ನನ್ನ ಕಾಲು ಮಾತ್ರ ತಣ್ಣಗಿತ್ತು.

ಮಾರನೆಯ ದಿನ ಅಮಾವಾಸ್ಯೆ. ಆಚಾರಿಗಳು ಅಮಾವಾಸ್ಯೆಯ ದಿನ ಆಯುಧ ಮುಟ್ಟುವುದಿಲ್ಲ. ಸ್ಪ್ಯಾನರು, ಸುತ್ತಿಗೆ, ಜಾಕು ಎಲ್ಲ ಒಂದು ಹಲಗೆಯ ಮೇಲೆ ಅರಿಶಿನ ಕುಂಕುಮ ಹಚ್ಚಿಸಿಕೊಂಡು ಮಲಗಿದ್ದವು. ಮೆಕ್ಯಾನಿಕ್ ಸ್ನಾನ ಮಾಡಿ, ವಿಭೂತಿ ಇಟ್ಟುಕೊಂಡು, ಬೇರೆ ಯಾರೋ ಆಗಿ ಕೂತಿದ್ದ. ಟ್ರಯಲ್ ನೋಡದೆ ಗಾಡಿ ಕೊಡಲಾರೆ, ದಾರಿಯಲ್ಲಿ ಏನಾದರೂ ಸಡಿಲವಾದರೆ ಇವತ್ತು ಮುಟ್ಟಲಾರೆ, ನಾಳೆ ಬನ್ನಿ ಎಂದ. ಅಣ್ಣ ಕೇಳಬೇಕಲ್ಲ. ಅಮಾಸೆಗೂ ಬ್ರೇಕಿಗೂ ಏನ್ಲಾ ಸಂಬಂಧ, ನೀನು ಫೇಲಾಗಿದ್ದು ಸರಿಯಾಗೇ ಇತ್ತು ಕಣ್ಲಾ, ಎಂದು ಕೀಗೆ ಕೈ ಚಾಚಿದ. ಮೆಕ್ಯಾನಿಕ್ ನಗಲಿಲ್ಲ. ಚಕ್ರದ ಕೆಳಗೆ ನಿಂಬೆಹಣ್ಣಿಟ್ಟ.

"ನಿಧಾನ ಮೇಷ್ಟ್ರೇ," ಅಂದ. "ಗಾಡಿ ಒಸದಾಗದೆ. ನಿಮ್ ಕೈ ಇನ್ನೂ ಅಳೇದೇ."

ಸಂತೆಬಾಚಹಳ್ಳಿಯವರೆಗೆ ಜೊತೆಯಲ್ಲಿ ಹೋಗಿ, ಸರಿಯಾಗಿ ಓಡಿಸುತ್ತಾನೆಂದು ಮಗಳಿಗೆ ಹೇಳುವುದು ನನ್ನ ಡ್ಯೂಟಿಯಾಗಿತ್ತು. ನಿಂಬೆಹಣ್ಣು ಅಪ್ಪಚ್ಚಿಯಾಯಿತು. ಹೊರಟೆವು.

ಕಾರಿನಲ್ಲಿ ಸೈಲೆನ್ಸ್. ಒಂದು ಟಕ್ ಇಲ್ಲ. ಮೊದಲ ಹತ್ತು ನಿಮಿಷ ನಾನು ಖುಷಿಯಾಗಿದ್ದೆ. ಆಮೇಲೆ ಗಮನಿಸಿದೆ. ರಸ್ತೆ ನೇರವಾಗಿತ್ತು, ಅಣ್ಣನ ಕೈಗಳು ನೇರವಾಗಿರಲಿಲ್ಲ. ಎಡಕ್ಕಿಷ್ಟು, ಬಲಕ್ಕಿಷ್ಟು, ಎಡಕ್ಕಿಷ್ಟು, ತೊಟ್ಟಿಲು ತೂಗುವ ಹಾಗೆ. ಮೊದಲು ಆ ತೂಗಾಟವನ್ನೆಲ್ಲ ಸಡಿಲ ಕೀಲು ನುಂಗಿಹಾಕುತ್ತಿತ್ತು. ಕಾರು ನೆಟ್ಟಗೆ ಹೋಗುತ್ತಿತ್ತು. ಈಗ ಕಾರು ಹೇಳಿದ್ದನ್ನೆಲ್ಲ ಕೇಳುತ್ತಿತ್ತು. ಹಾವು ಹರಿದ ಹಾಗೆ ಹರಿಯತೊಡಗಿತು. ಎದುರಿಗೆ ಬಂದ ಟ್ರಾಕ್ಟರಿನವನು ಪಕ್ಕಕ್ಕೆ ಸರಿದು ಏನೋ ಬೈದ. ನೆಟ್ಟಗೆ ಹಿಡಿ ಎಂದೆ. ಹಿಡಿದಿದೀನಲ್ಲ ಎಂದ. ನಿಜವಾಗಿಯೂ ಹಿಡಿದಿದ್ದೇನೆ ಅಂತಲೇ ಅವನು ತಿಳಿದಿದ್ದ. ಕೈಗಳು ಮಾತ್ರ ಅವನಿಗೆ ಗೊತ್ತಿಲ್ಲದೆ, ಬೇರೊಂದು ಕಾರನ್ನು ಬೇರೊಂದು ರಸ್ತೆಯಲ್ಲಿ ಓಡಿಸುತ್ತಿದ್ದವು. ನನ್ನ ಬೆನ್ನು ಸೀಟಿಗಂಟಿತು. ಇದು ದಾರಿ ಸವೆದಂತೆ ಸರಿಹೋಗುತ್ತದೆ, ಹೊಸ ಚಪ್ಪಲಿಯ ಹಾಗೆ, ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನಾಲೆಯ ತಿರುವನ್ನು ಹೇಗೋ ದಾಟಿದೆವು. ಅವನು ವೇಗ ತಗ್ಗಿಸಿದ. ತೂಗಾಟವೂ ಕಡಿಮೆಯಾಯಿತು.

ನಮ್ಮ ಹಳೆಯ ಊರಿನ ಕ್ರಾಸು ಬರುವ ಮುಂಚೆ, ರಸ್ತೆಯ ಪಕ್ಕ ಒಂದು ಮಾಸ್ತಿಕಲ್ಲಿದೆ. ಯಾವ ಕಾಲದಲ್ಲೋ ಗಂಡನ ಚಿತೆ ಏರಿದವಳ ಕಲ್ಲು. ಅದರಲ್ಲಿ ಮೊಣಕೈ ಮಡಿಸಿ ಮೇಲೆತ್ತಿದ ಒಂದು ಬಲಗೈ, ಕೈತುಂಬ ಬಳೆ. ಚಿಕ್ಕವರಿದ್ದಾಗ ನಾವಿಬ್ಬರೂ ಮೈಸೂರಿನ ಹಾಸ್ಟೆಲುಗಳಲ್ಲಿದ್ದೆವು, ನಾನು ಕಾನ್ವೆಂಟಿನಲ್ಲಿ, ಅವನು ಹುಡುಗರ ಸ್ಕೂಲಿನಲ್ಲಿ. ರಜ ಮುಗಿಸಿ ಹೊರಡುವಾಗ ಅವ್ವ ಆ ಕಲ್ಲಿನ ಪಕ್ಕದಲ್ಲೇ ನಿಂತು ಬಸ್ಸಿಗೆ ಕೈ ಎತ್ತುತ್ತಿದ್ದಳು. ರಜಕ್ಕೆ ಬರುವಾಗಲೂ ಅಷ್ಟೆ. ಬಸ್ಸು ಹೇಗೂ ಕ್ರಾಸಿನಲ್ಲಿ ನಿಲ್ಲುತ್ತಿತ್ತು. ಆದರೂ ಕಂಡಕ್ಟರು ಮಕ್ಕಳನ್ನು ಮರೆತು ಮುಂದಕ್ಕೆ ಹೋಗಿಬಿಟ್ಟಾನು ಎಂದು ಅವಳು ಅಷ್ಟು ದೂರ ನಡೆದು ಬಂದು ಕೈ ಎತ್ತಿ ನಿಂತಿರುತ್ತಿದ್ದಳು. ಕಿಟಕಿಯಿಂದ ನೋಡಿದರೆ ಎರಡು ಕೈ ಕಾಣುತ್ತಿತ್ತು. ಕಲ್ಲಿನದೊಂದು, ಅವ್ವನದೊಂದು. ಅವ್ವ ಹೋಗಿ ಕಾಲವಾಯಿತು. ಈಗ ಅಲ್ಲಿ ಯಾವ ಬಸ್ಸೂ ನಿಲ್ಲುವುದಿಲ್ಲ.

ಕಲ್ಲು ಕಣ್ಣಿಗೆ ಬಿದ್ದದ್ದೇ ಅಣ್ಣ ಬ್ರೇಕು ಒತ್ತಿದ. ಕಾರು ನೆಲಕ್ಕೆ ಮೊಳೆ ಹೊಡೆದ ಹಾಗೆ ನಿಂತಿತು. ಬೆಲ್ಟು ನನ್ನ ಎದೆಯನ್ನು ಕಚ್ಚಿತು. ಎಂಜಿನ್ ಆಫ್ ಆಯಿತು. ರಸ್ತೆಯಲ್ಲಿ ಯಾರೂ ಇಲ್ಲ. ಮಟಮಟ ಮಧ್ಯಾಹ್ನ, ಕಡಿದ ಮೇಲೆ ಚಿಗುರುತ್ತಿದ್ದ ಕೂಳೆ ಕಬ್ಬಿನ ಬಯಲು, ಗಾಳಿ ಸಹ ಇಲ್ಲ. ಕಲ್ಲಿಗೆ ಯಾರೋ ಹೊಸದಾಗಿ ಕುಂಕುಮ ಹಚ್ಚಿದ್ದರು.

ಅಣ್ಣ ಹಿಂದಕ್ಕೆ ತಿರುಗಿ, ಕೈ ಚಾಚಿ, ಹಿಂದಿನ ಬಾಗಿಲಿನ ಲಾಕು ತೆಗೆದು ಸ್ವಲ್ಪ ತಳ್ಳಿದ. ಬಾಗಿಲು ತೆರೆದುಕೊಂಡಿತು. ಸುಮ್ಮನೆ ಕೂತು ಕಾದ. ವಯಸ್ಸಾದವರು ನಿಧಾನವಾಗಿ ಹತ್ತಲಿ ಎಂದು ಕಾಯುತ್ತೇವಲ್ಲ, ಹಾಗೆ. ನಂತರ ಕನ್ನಡಿಯಲ್ಲಿ ನೋಡುತ್ತಾ ಮೆತ್ತಗೆ, "ಬಾಗ್ಲು ಎಳ್ಕೊ," ಎಂದ.

ಬಾಗಿಲು ತೆರೆದೇ ಇತ್ತು.  ತಿರುಗಿ ನೋಡಲು ಆಗಲಿಲ್ಲ. ಬೆಲ್ಟು ಬಿಚ್ಚಿ ಇಳಿದು, ಸುತ್ತಿಕೊಂಡು ಹೋಗಿ, ಆ ಬಾಗಿಲನ್ನು ನಾನೇ ಹಾಕಿದೆ. ಹಾಕುವಾಗ ಒಳಗೆ ನೋಡಲೇಬೇಕಾಯಿತು. ಬರೀ ಸೀಟು. ಸೀಟಿನ ಮೇಲೆ ಒಂದಿಷ್ಟು ಬಿಸಿಲು. ಮತ್ತೆ ಬಂದು ಕೂತೆ.

"ಕೈ ಎತ್ತಿದ್ದು ನಿಂಗೆ ಕಾಣ್ನಿಲ್ವ?" ಎಂದು ಕೇಳಿದ.

"ಅದು ಕಲ್ಲು ಅಣ್ಣ."

"ಕಲ್ಲು ನಂಗೊತ್ತಿಲ್ವ. ಕಲ್ಲಿನ ಪಕ್ಕ."

"ಇಲ್ಲ," ಎಂದೆ. ಅದು ನಿಜ. ಕಣ್ಣಿನ ಪೊರೆ ತೆಗೆಸಿಕೊಂಡ ಮೇಲೆ ನನಗೆ ದೂರದ್ದೆಲ್ಲ ಸ್ಪಷ್ಟ. ಅಲ್ಲಿ ಯಾರೂ ಇರಲಿಲ್ಲ.

ಅವನು ಸ್ಟೇರಿಂಗ್ ಮೇಲೆ ಕೈ ಇಟ್ಟುಕೊಂಡ. ನಿಂತ ಕಾರಿನಲ್ಲೂ ಕೈಗಳು ಎಡಕ್ಕಿಷ್ಟು ಬಲಕ್ಕಿಷ್ಟು ಆಡುತ್ತಿದ್ದವು. ಯಾವಾಗಿನಿಂದ ಎಂದು ಕೇಳಿದೆ. 

"ಶ್ಯಾನೆ ದಿನಾಯ್ತು. ಪ್ರತಿ ವಾರಾನೂ ಅವ್ವ ನಿಂತಿರ್ತಾಳೆ. ಬ್ರೇಕ್ ಇಡೀತಿರ್ನಿಲ್ವಲ್ಲ, ಒತ್ತಿ ಒತ್ತಿ ನಿಲ್ಲೋ ಒತ್ಗೆ ಕಲ್ಲು ದಾಟ್ಬುಟ್ಟಿರ್ತಿದ್ದೆ. ಬುಟ್ಟೋದ ಅಂತ ಅನ್ಕಂಡಿರ್ತಾಳೆ ಅಂತ ಹಿಂದಕ್ಕೆ ನೋಡ್ಕಂಡೇ ಓಗ್ತಿದ್ದೆ."

ನಾಲೆಯ ತಿರುವು ಅಲ್ಲಿಂದ ದೂರವೇನಿಲ್ಲ. ಚಕ್ರ ಏರಿಯ ಕಲ್ಲಿಗೆ ತಗುಲಿದ ದಿನ ಅವನು ಯಾವ ಕಡೆ ನೋಡುತ್ತಿದ್ದ ಎಂದು ನಾನು ಕೇಳಲಿಲ್ಲ. ಕೇಳುವುದೇನೂ ಉಳಿದಿರಲಿಲ್ಲ. ಅವನಿಗೂ ಅದು ಹೊಳೆದಿರಬೇಕು. ಪಾಠ ಮುಗಿಸಿ ಬೋರ್ಡು ಒರೆಸುವ ಮೇಷ್ಟರ ದನಿಯಲ್ಲಿ ಹೇಳಿದ, "ಅಂಗಾದ್ರೆ ಗಾಡಿ ತಪ್ಪು ಅಲ್ಲ ಕಣಮ್ಮಿ. ಮಾತು ಮಾತೇ. ಕೀ ನಿಂದು."

ಅವತ್ತು ಅಲ್ಲಿಂದ ಮುಂದಕ್ಕೆ ಅಣ್ಣ ಕಾರು ಓಡಿಸಲಿಲ್ಲ. ಮೆಕ್ಯಾನಿಕ್‌ಗೆ ಫೋನ್ ಮಾಡಿದೆ. ಆಯುಧ ಮುಟ್ಟಲಾರೆನೇ ಹೊರತು ಗಾಡಿ ಓಡಿಸಬಲ್ಲೆ ಎಂದು ಬೈಕಿನಲ್ಲಿ ಬಂದ, ಕಾರಣ ಕೇಳಲಿಲ್ಲ, ವಿಭೂತಿ ಬೆವರಿನಲ್ಲಿ ಇಳಿಯುತ್ತಿತ್ತು. ಬೈಕನ್ನು ಅಲ್ಲೇ ಬೇಲಿಗೆ ಒರಗಿಸಿ, ಅಣ್ಣನನ್ನು ಮನೆಗೆ ಬಿಟ್ಟ. ಭಾನುವಾರ ಅವನೇ ಅಣ್ಣನನ್ನು ಕೂರಿಸಿಕೊಂಡು ಕಾರನ್ನು ಗಂಜಾಮಿಗೆ ತರುವುದೆಂದು ಮಾತಾಯಿತು.

ಆ ಭಾನುವಾರ ನಾನು ಹಾಲಿಡಲಿಲ್ಲ. ಟಕ್ ಕೇಳಲಿಲ್ಲವಲ್ಲ. ಅಡುಗೆಮನೆಯಲ್ಲಿ ಸೊಪ್ಪು ಬಿಡಿಸುತ್ತಿದ್ದವಳು ತಲೆ ಎತ್ತಿದರೆ ಅಣ್ಣ ನಡುಮನೆಯಲ್ಲಿ ನಿಂತಿದ್ದ. ಎಷ್ಟು ಹೊತ್ತಿನಿಂದ ನಿಂತಿದ್ದನೋ. ಕೆಮ್ಮಲೂ ಇಲ್ಲ. ಹೊರಗೆ ಮೆಕ್ಯಾನಿಕ್ ಕಾರನ್ನು ನಮ್ಮ ಮನೆಯ ಶೆಡ್ಡಿಗೆ ಹಾಕುತ್ತಿದ್ದ, ಅದೂ ನಿಶ್ಶಬ್ದ. ಅಣ್ಣ ಡೈನಿಂಗ್ ಟೇಬಲ್ ಮೇಲೆ ಕೀ ಇಟ್ಟು, ಅದರ ಮೇಲೊಂದು ಬಟ್ಟಲು ಮುಚ್ಚಿದ. ಮಕ್ಕಳ ಕೈಗೆ ಸಿಗದ ಹಾಗೆ ಬೆಲ್ಲ ಮುಚ್ಚಿಡುತ್ತಾರಲ್ಲ, ಹಾಗೆ. ಊಟಕ್ಕೆ ಹುರುಳಿಕಾಳು ಬಸ್ಸಾರು, ಮುದ್ದೆ. ಚೆನ್ನಾಗಿ ಉಂಡ. ಕೀಯ ಮಾತಾಗಲಿ, ಕಲ್ಲಿನ ಮಾತಾಗಲಿ ಎತ್ತಲಿಲ್ಲ. ಮುಂದಿನ ವಾರ ಬಸ್ಸಿನಲ್ಲೇ ಬರುತ್ತೇನೆ ಎಂದ.

ಮುಂದಿನ ವಾರ ಬರಲಿಲ್ಲ. ಅದಕ್ಕೂ ಮೊದಲೇ, ಬುಧವಾರ ಬೆಳಿಗ್ಗೆ, ಗೊಬ್ಬರದಂಗಡಿಯವನು ಮೇಲೆ ಹೋಗಿ ಬಾಗಿಲು ತಟ್ಟಿ ಎಬ್ಬಿಸಲು ನೋಡಿದನಂತೆ. ನಿದ್ದೆಯಲ್ಲೇ ಹೋಗಿದ್ದ. ಕಾರು ನನ್ನ ಶೆಡ್ಡಿನಲ್ಲಿದೆ. ಮಗಳು ಮಾರೋಣ ಎನ್ನುತ್ತಾಳೆ, ನಾನು ಹೂಂ ಎನ್ನುತ್ತೇನೆ. ಕೆಲವು ಭಾನುವಾರ, ಬಿಸಿಲಿಗೆ ಶೆಡ್ಡಿನ ಶೀಟು ಕಾಯುವ ಹೊತ್ತಿಗೆ, ಅಲ್ಲಿಂದ ಟಕ್ ಎಂದು ಕೇಳುತ್ತದೆ. ಶೀಟು ಹಿಗ್ಗುವ ಸದ್ದು. ಅಣ್ಣನಿದ್ದಿದ್ದರೆ ಅದರ ಫಿಸಿಕ್ಸ್ ವಿವರಿಸುತ್ತಿದ್ದ. ಗೊತ್ತಿದ್ದೂ ಹಾಲಿಡುತ್ತೇನೆ.

ಅವನನ್ನು ಕೊನೆಯ ಸಲ ನೋಡಿದ್ದು ಆ ಭಾನುವಾರವೇ, ಊಟವಾದ ಮೇಲೆ, ಪಾಂಡವಪುರದ ಕಡೆ ತಿರುಗುವ ರಸ್ತೆಯಲ್ಲಿ. ಆಟೋದಲ್ಲಿ ಅಲ್ಲಿಯವರೆಗೆ ಹೋಗಿದ್ದೆ. ಬಿಸಿಲು ಜೋರಾಗಿತ್ತು, ನೀನು ನೆರಳಲ್ಲಿರು ಎಂದು ನನ್ನನ್ನು ಎಳನೀರಿನವನ ಛತ್ರಿಯ ಕೆಳಗೆ ನಿಲ್ಲಿಸಿ, ಅವನು ರಸ್ತೆ ದಾಟಿ ಆಚೆ ನಿಂತ. ಅವನ ಪಕ್ಕದಲ್ಲಿ ಒಬ್ಬ ಹೆಂಗಸು ನಿಂತಿದ್ದಳು, ತಲೆ ಮೇಲೆ ಸೆರಗು. ಬಸ್ಸಿಗೆ ಕಾಯುವವರು ಇರುತ್ತಾರೆ. ಕೆ.ಆರ್. ಪೇಟೆಯ ಬಸ್ಸು ಕಂಡಿತು. ಅಣ್ಣ ಕೈ ಎತ್ತಿದ. ಅವಳೂ ಎತ್ತಿದಳು, ಮೊಣಕೈಯವರೆಗೆ ಬಳೆ. ಪರರನ್ನು ಸ್ಟೇರ್ ಮಾಡಿ ನೋಡಬಾರದು, ಬ್ಯಾಡ್ ಮ್ಯಾನರ್ಸ್ ಎಂದು ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ್ದರು. ನಾನು ಕಣ್ಣು ತಿರುಗಿಸಿದೆ. ಬಸ್ಸು ಬಂದು ಅಡ್ಡ ನಿಂತಿತು. ನಾನಿದ್ದ ಬದಿಯ ಸೀಟಿನಲ್ಲಿ ಅಣ್ಣ ಕೂತ, ಕಿಟಕಿಯಿಂದ ನನ್ನ ಕಡೆ ನೋಡಿದ, ಹುಬ್ಬೇರಿಸಿದ. ಆಮೇಲೆ ಪಕ್ಕಕ್ಕೆ ಸರಿದು ಕಿಟಕಿಯ ಜಾಗ ಬಿಟ್ಟುಕೊಟ್ಟ. ಬಸ್ಸು ಹೊರಟಿತು. ರಸ್ತೆಯ ಆಚೆ ಯಾರೂ ಉಳಿದಿರಲಿಲ್ಲ. ಅವನು ಬಿಟ್ಟ ಕಿಟಕಿಯಲ್ಲೂ ಯಾರೂ ಇರಲಿಲ್ಲ.